ಮಾವ ಮುನಿಸಿಕೊಂಡು ಅತ್ತೆಯ ತವರಿಗೆ ಹೋದದ್ದು

ನಮ್ಮ ಮಾವ ಹೆಂಡತಿಯ ಮೇಲೆ ಮುನಿಸಿಕೊಂಡು ಮನೆ ಬಿಟ್ಟು ಹೋದರು. ಹೋದದ್ದು ಎಲ್ಲಿಗೆ? ಹೆಂಡತಿಯ ತವರಿಗೆ! ನಗು ಬಂದರೆ ನಕ್ಕುಬಿಡಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಡೈರಿಯಲ್ಲಿ ಹಾಲು ಅಳೆಯುತ್ತಿದ್ದಾಗ ನನಗೆ ಈ ಸುದ್ದಿ ಬಂತು. ನಾನೂ ಕ್ಯಾನಿನ ಮೇಲೆ ಕೈ ಊರಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಅತ್ತೆಯ ಮುಖ ಕಣ್ಣ ಮುಂದೆ ಬಂತು, ನಗು ಅಲ್ಲೇ ನಿಂತುಹೋಯಿತು. ಯಾಕೆ ಅಂತ ಹೇಳಬೇಕಾದರೆ ಇವರಿಬ್ಬರ ಸಂಸಾರವನ್ನು ಮೊದಲಿನಿಂದ ಹೇಳಬೇಕು. ಹೇಳುತ್ತೇನೆ, ಕೂತುಕೊಳ್ಳಿ. ಈ ಮನೆಗೆ ಸೊಸೆಯಾಗಿ ಬಂದು, ಇವರ ಜಗಳಗಳ ನಡುವೆ ಇಷ್ಟು ವರ್ಷ ಬದುಕಿ ಉಳಿದವಳು ನಾನು. ನನಗಿಂತ ಚೆನ್ನಾಗಿ ಹೇಳುವವರು ಯಾರಿದ್ದಾರೆ?

ಅತ್ತೆ ದನ ಸಾಕುವವರ ಮನೆಯ ಮಗಳು. ಅವರ ತವರು ಒಂದು ಗುಡ್ಡದ ಬುಡದಲ್ಲಿದೆ. ದನಗಳು ಮೇಯುವುದು ಗುಡ್ಡದ ಮೇಲೆ, ಜನ ಇರುವುದು ಕೆಳಗೆ. ಒಂದು ಎಮ್ಮೆಯನ್ನು ಕರೆಯಬೇಕಾದರೂ ಅಂಗಳದಲ್ಲಿ ನಿಂತು ಗಂಟಲು ಹರಿದುಕೊಳ್ಳಬೇಕು. ಹಾಗೆ ಕೂಗಿ ಕೂಗಿ ಆ ಮನೆಯವರಿಗೆ ಬೇರೆ ಸ್ವರವೇ ಇಲ್ಲ. ಎದುರಿಗೆ ಕೂತವರ ಹತ್ತಿರ ಉಪ್ಪು ಕೇಳಿದರೂ ಅದು ಗುಡ್ಡದ ನೆತ್ತಿಗೆ ಮುಟ್ಟುತ್ತದೆ. ಸಿಟ್ಟು ಬಂದರೆ ಬೈಯುತ್ತಾರೆ, ಪ್ರೀತಿ ಉಕ್ಕಿದರೆ ಇನ್ನೂ ಜಾಸ್ತಿ ಬೈಯುತ್ತಾರೆ. ಯಾವುದು ಯಾವುದು ಅಂತ ಹೊರಗಿನವರಿಗೆ ಗೊತ್ತಾಗುವಷ್ಟರಲ್ಲಿ ಕಿವಿ ಕಿವುಡಾಗಿರುತ್ತದೆ.

ಮಾವನದು ತರಕಾರಿ ಬೆಳೆಯುವ ಮನೆ. ಎರಡು ಗೂಟ ನೆಟ್ಟು, ದಾರ ಎಳೆದು ಕಟ್ಟಿ, ಅದರ ಗುಂಟ ಸಸಿ ಊರುವವರು. ಅವರ ಹೊಲದ ಸಾಲುಗಳನ್ನು ನೋಡಿದರೆ ಯಾರೋ ಅಳತೆಪಟ್ಟಿ ಇಟ್ಟು ಗೀರಿದ ಹಾಗಿರುತ್ತವೆ. ಆ ಮನೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಗಂಡಸರು ಸಿಟ್ಟು ಬಂದರೆ ಮಾತು ಬಿಡುತ್ತಿದ್ದರು, ಅಷ್ಟೇ. ಮಾವನ ಅಪ್ಪ ಮತ್ತು ಚಿಕ್ಕಪ್ಪ ಒಂದು ನೀರಿನ ಕಾಲುವೆಯ ವಿಷಯಕ್ಕೆ ಹಾಗೆ ಮಾತು ಬಿಟ್ಟರು. ಒಂದೇ ಮನೆ, ಒಂದೇ ಒಲೆ. ಪಕ್ಕಪಕ್ಕದ ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಚಿಕ್ಕಪ್ಪ ತೀರಿಕೊಂಡ ದಿನ ಅಪ್ಪ ಹೆಣದ ಪಕ್ಕ ಕೂತು, "ಏನಾದ್ರೂ ಮಾತಾಡೋ," ಅಂದರಂತೆ. ಆಗ ಮಾವ ಇನ್ನೂ ಶಾಲೆಗೆ ಹೋಗುವ ಹುಡುಗ. ಈ ಮಾತನ್ನು ಅವರು ನನಗೆ ಒಂದೇ ಒಂದು ಸಲ ಹೇಳಿದ್ದಾರೆ, ಹೇಳಿ ಹೊಲಕ್ಕೆ ಎದ್ದುಹೋಗಿದ್ದಾರೆ.

ಇಂಥ ಎರಡು ಮನೆಗಳಿಗೆ ನಂಟು ಬೆಳೆದದ್ದು ಗೊಬ್ಬರದಿಂದ. ಅವರ ಕೊಟ್ಟಿಗೆಯ ಗೊಬ್ಬರ ಗಾಡಿಯಲ್ಲಿ ಇವರ ಹೊಲಕ್ಕೆ ಬರುತ್ತಿತ್ತು. ಗಾಡಿಯ ಜೊತೆ ಒಂದು ದಿನ ಅತ್ತೆಯೂ ಬಂದರು. ಗೊಬ್ಬರ ಎಲ್ಲಿ ಸುರಿಯಬೇಕು ಅಂತ ಮಾವ ಬೆರಳು ತೋರಿಸಿದರು. ಅಲ್ಲಿ ಬೇಡ, ನೀರು ನಿಲ್ಲುತ್ತದೆ, ಇಲ್ಲಿ ಸುರಿಯುತ್ತೇನೆ ಅಂತ ಅತ್ತೆ ಇನ್ನೊಂದು ಕಡೆ ಸುರಿದರು. ಆ ಜಗಳ ಮುಗಿಯುವ ಮೊದಲೇ ಮದುವೆ ಆಗಿಹೋಯಿತು. "ನನ್ನನ್ನ ಒಂದು ಗಾಡಿ ಸಗಣಿ ಜೊತೆ ಸೇರಿಸಿ ಕೊಟ್ಟುಬಿಟ್ರು," ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. "ಸಗಣಿ ಒಳ್ಳೇದಿತ್ತು," ಅನ್ನುತ್ತಿದ್ದರು ಮಾವ.

ಹೊಸದರಲ್ಲಿ ಅತ್ತೆ ಬದನೆ ಸಸಿಯನ್ನು ದಾರವಿಲ್ಲದೆ ನೆಟ್ಟರು. ಸಾಲು ಮನಸ್ಸಿಗೆ ಬಂದ ಕಡೆ ಹೋಯಿತು. ಮಾವ ನೋಡಿದರು, ತುಟಿ ಪಿಟಕ್ ಅನ್ನಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ, ಆ ತಿಂಗಳು ಪೂರ್ತಿ ಇಲ್ಲ. ತಮ್ಮ ಮನೆಯ ವಿದ್ಯೆಯನ್ನು ಹೊಸ ಹೆಂಡತಿಯ ಮೇಲೆ ಪ್ರಯೋಗ ಮಾಡಿದ್ದರು ಮಹಾನುಭಾವರು! ಸದ್ದಿಲ್ಲದ ಸಿಟ್ಟನ್ನು ಅತ್ತೆ ಹುಟ್ಟಿದಾಗಿನಿಂದ ಕಂಡವರಲ್ಲ. ತಲೆ ಚಿಟ್ಟು ಹಿಡಿದುಹೋಯಿತು. ಕೊನೆಗೆ ಒಂದು ಮಧ್ಯಾಹ್ನ ಹೊಲದ ನಡುವೆ ನಿಂತು ಮಾವನ ವಂಶವನ್ನೆಲ್ಲ ಹಿಡಿದು ಬೈಯಲು ಶುರುಮಾಡಿದರು. ಅಕ್ಕಪಕ್ಕದ ಹೊಲದವರು ಗುದ್ದಲಿ ಕೆಳಗಿಟ್ಟು ಬದುವಿನ ಮೇಲೆ ಸಾಲಾಗಿ ಬಂದು ನಿಂತರು. ಬೈದು ಬೈದು ಗಂಟಲು ಒಡೆದು, ಬರೀ ಗಾಳಿ ಹೊರಡುವ ಹೊತ್ತಿಗೆ ಮಾವ ಎದ್ದು ಬಂದು ನೀರಿನ ತಂಬಿಗೆ ಕೊಟ್ಟರು.

"ಸಾಕು ಬಿಡೇ. ಕುಡಿ."

"ಬೈಬೇಕು ಅನ್ಸಿದ್ರೆ ಬೈಯಿರಿ. ತಟ್ಟೆ ಎಸೀಬೇಕು ಅನ್ಸಿದ್ರೆ ಎಸೀರಿ, ನಾನೂ ಎಸೀತೀನಿ," ಅಂದರಂತೆ ಅತ್ತೆ, ಇಲ್ಲದ ಸ್ವರದಲ್ಲಿ. "ಮಾತು ಮಾತ್ರ ಬಿಡ್ಬೇಡಿ. ಸತ್ತೇ ಹೋಗ್ತೀನಿ."

"ಬಿಡಲ್ಲ. ನೀನೂ ಬಿಡ್ಬೇಡ."

ಅಲ್ಲಿಂದ ಶುರುವಾಯಿತು ನೋಡಿ. ಮಾವ ಜಗಳ ಆಡುವುದನ್ನು ಕಲಿತರು. ತಡವಾಗಿ ಕಲಿತವರಿಗೆ ಹುರುಪು ಜಾಸ್ತಿ. ಮಗುವಿಗೆ ಹೆಸರಿಡುವ ಜಗಳ ಮುಗಿಯುವ ಹೊತ್ತಿಗೆ ಮಗುವಿಗೆ ಹಲ್ಲು ಬಂದಿತ್ತು. ಆ ಮಗು ಈಗ ನನ್ನ ಗಂಡ, ಟ್ರ್ಯಾಕ್ಟರ್ ಮೆಕ್ಯಾನಿಕ್. ವರ್ಕ್‌ಶಾಪಿಗೆ ಹೋದರೆ ಸ್ವಲ್ಪ ನೆಮ್ಮದಿ, ಅಲ್ಲಿ ಬರೀ ಇಂಜಿನ್ ಶಬ್ದ ಅನ್ನುತ್ತಾರೆ. ಮನೆಯ ಮುಂದಿನ ಗೋಡೆಗೆ ನೀಲಿ ಬಣ್ಣ ಬೇಕು ಅಂತ ಅತ್ತೆ, ಹಳದಿ ಅಂತ ಮಾವ. ಬಣ್ಣದವನು ಕೈ ಮುಗಿದು, ಬಾಗಿಲಿನಿಂದ ಆ ಕಡೆ ನೀಲಿ, ಈ ಕಡೆ ಹಳದಿ ಬಳಿದು ಓಡಿಹೋದ. ಇವತ್ತಿಗೂ ಹಾಗೇ ಇದೆ. ನಾನು ಬಂದ ಮೊದಲ ಬೆಳಗ್ಗೆಯೇ ಚೀರಾಟ ಕೇಳಿ ಕಳ್ಳರು ನುಗ್ಗಿದರು ಅಂತ ಮಂಚದಿಂದ ಹಾರಿದ್ದೆ. ಏನೂ ಇಲ್ಲ, ಟವೆಲ್ ಎಲ್ಲಿದೆ ಅಂತ ಮಾವ ಕೇಳಿದ್ದರು. ಹೆಗಲ ಮೇಲೆ ಇದೆ ಅಂತ ಅತ್ತೆ ತಿಳಿಸುತ್ತಿದ್ದರು.

ಎಲ್ಲ ಜಗಳವೂ ನಗುವ ಜಗಳವಲ್ಲ. ನನ್ನ ಗಂಡ ಇನ್ನೂ ಕೂಸಾಗಿದ್ದಾಗ, ಬಾಟಲಿಯಲ್ಲಿ ಹಾಲು ಕುಡಿಸಿ ಅತ್ತೆ ಬೆಳೆಸಿದ ಎಮ್ಮೆಕರುವನ್ನು ಮಾವ ಒಂದು ಮಾತೂ ಕೇಳದೆ ಮಾರಿಬಿಟ್ಟಿದ್ದರು. ಅತ್ತೆ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಹೋದವರು ಮಳೆಗಾಲ ಮುಗಿದರೂ ಬರಲಿಲ್ಲ. ಅದಕ್ಕೂ ಮೊದಲು ಎಷ್ಟೋ ಸಲ ಹೋಗಿದ್ದರು. ಹೋದರೆ ಮಾವ ಸೈಕಲ್ ಹತ್ತಿ ಹೋಗಿ, ಬಾ ಅಂತ ಬಾಯಿಬಿಟ್ಟು ಕರೆಯದೆ, "ನಿನ್ನ ಎಮ್ಮೆ ನನ್ನನ್ನ ಹತ್ತಿರ ಬಿಡ್ತಿಲ್ಲ," ಅಂತ ಏನೋ ಒಂದು ದೂರು ಹೇಳಿ ಕರೆದುಕೊಂಡು ಬರುತ್ತಿದ್ದರು. ಆ ಸಲ ಅದು ನಡೆಯಲಿಲ್ಲ. ಮಾವ ಊರೂರು ಸುತ್ತಿ, ಆ ಕರು ಕೊಂಡವನನ್ನು ಹುಡುಕಿ, ತಮ್ಮ ನೀರಿನ ಪಂಪನ್ನೇ ಕೊಟ್ಟು ಕರುವನ್ನು ಬಿಡಿಸಿಕೊಂಡು, ಹಗ್ಗ ಹಿಡಿದು ಹೆಂಡತಿಯ ತವರಿಗೆ ನಡೆದರು. ಆ ಬೇಸಿಗೆ ಇಬ್ಬರೂ ಕೊಡಪಾನದಲ್ಲಿ ನೀರು ಹೊತ್ತು ತರಕಾರಿ ಬೆಳೆದರು. ಹೊರುವಾಗಲೂ ಜಗಳವೇ, ಯಾರ ಕೊಡದಿಂದ ಜಾಸ್ತಿ ಚೆಲ್ಲಿತು ಅಂತ.

ಹೀಗೆ ನಡೆದುಕೊಂಡು ಬಂದ ಸಂಸಾರ. ಕೂದಲು ಬೆಳ್ಳಗಾದವು, ದನಿ ಮಾತ್ರ ತಗ್ಗಲಿಲ್ಲ.

ಈ ವರ್ಷ ಒಂದು ಬೆಳಗ್ಗೆ ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ, ಬಾಗಿಲು ಹಾಕದೆ ಹೋದ ಮಾವನಿಗೆ ಕೂತಲ್ಲಿಂದಲೇ ಮಂಗಳಾರತಿ ಎತ್ತುತ್ತಿದ್ದರು. ಮಾತು ನಡುವೆ ತುಂಡಾಯಿತು. ನಾನು ಓಡಿಹೋಗಿ ನೋಡಿದರೆ ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿಕೊಂಡು ಕೂತಿದ್ದಾರೆ, ಉಸಿರಿಗೆ ಒದ್ದಾಡುತ್ತಿದ್ದಾರೆ. ಮಾವ ಆಗಲೇ ಹೊಲ ಸೇರಿದ್ದರು. ಡೈರಿಯ ವ್ಯಾನಿನಲ್ಲಿ, ಹಾಲಿನ ಕ್ಯಾನುಗಳ ನಡುವೆ ಕೂರಿಸಿಕೊಂಡು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನಿಮ್ಮ ಹೃದಯ ದಣಿದಿದೆ ಅಮ್ಮ. ಇದು ಪೂರ್ತಿ ವಾಸಿ ಆಗೋದಲ್ಲ, ಜೋಪಾನ ಮಾಡ್ಕೋಬೇಕು. ಮಾತ್ರೆ ಬಿಡ್ಬೇಡಿ, ಭಾರ ಎತ್ಬೇಡಿ. ಎಲ್ಲಕ್ಕಿಂತ ಮುಖ್ಯ, ಕೂಗಾಡ್ಬೇಡಿ. ಕೂಗಾಡಿದ್ರೆ ಒಂದು ದಿನ ಕೂತಲ್ಲೇ ಹೋಗಿಬಿಡ್ತೀರಿ."

"ಮಾತಾಡ್ಬಹುದಾ?" ಅಂತ ಅತ್ತೆ ಕೇಳಿದರು. ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

"ಮಾತಾಡಿ. ಮೆಲ್ಲಗೆ ಮಾತಾಡಿ."

ರೆಕ್ಕೆ ಕಟ್ಟಿಕೊಂಡು ಹಾರಿ ಅಂದಿದ್ದರೂ ಅತ್ತೆಯ ಮುಖ ಅಷ್ಟು ಕಂಗಾಲಾಗುತ್ತಿರಲಿಲ್ಲ. ವ್ಯಾನಿನಲ್ಲಿ ಕೂತ ಮೇಲೆ, "ಮೆಲ್ಲಗೆ ಅಂದ್ರೆ ಹೇಗೆ ಕಣೇ?" ಅಂದರು. "ನಾನು ಮಾತಾಡ್ತೀನಲ್ಲ, ಹೀಗೆ," ಅಂದೆ. "ಹೀಗಾ?" ಅಂತ ಅತ್ತೆ ಪ್ರಯತ್ನಪಟ್ಟರು. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿದ.

"ನನ್ನಿಂದ ಆಗಲ್ಲ ಬಿಡು. ಬಾಯಿ ತೆಗೆದ್ರೆ ಅದಾಗೇ ಜೋರಾಗಿ ಬರುತ್ತೆ. ತೆಗೆಯೋದೇ ಬೇಡ." ನನ್ನ ಕೈ ಹಿಡಿದುಕೊಂಡರು. "ಅವರಿಗೆ ಮಾತ್ರ ಹೇಳ್ಬೇಡ. ಗೊತ್ತಾದ್ರೆ ನನ್ನ ಜೊತೆ ಜಗಳ ಆಡೋದು ಬಿಟ್ಟು, ಹತ್ತಿಯಲ್ಲಿ ಮೊಟ್ಟೆ ಇಟ್ಟ ಹಾಗೆ ಇಟ್ಟು ನೋಡ್ತಾ ಕೂತ್ಕೋತಾರೆ. ಯಾವಾಗ ಸಾಯ್ತಾಳೋ, ಯಾವಾಗ ಸಾಯ್ತಾಳೋ ಅಂತ. ಅದು ನನಗೆ ಬೇಡ ಕಣೇ."

ಏನು ಮಾಡಲಿ? ಹೂಂ ಅಂದೆ. ನನ್ನ ಗಂಡನಿಗೆ ಹೇಳಿದೆ. ಅವರು ಬೆವರು ಒರೆಸಿಕೊಂಡು, ಮಾತ್ರೆ ತರುವ ಕೆಲಸ ನನ್ನದು ಅಂದರು. ಮಾವನಿಗೆ ಯಾರೂ ಹೇಳಲಿಲ್ಲ.

ಮರುದಿನದಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಮಾವ ಎಂದಿನಂತೆ ಕೆಸರುಗಾಲಿನಲ್ಲಿ ಅಡುಗೆಮನೆಗೆ ಬಂದರು. ಅತ್ತೆ ನೋಡಿದರು, ಒರಸುವ ಬಟ್ಟೆ ತಂದು ಒರಸಿದರು. ಮಾವ ನಿಂತಲ್ಲೇ ಕಣ್ಣು ಪಿಳಿಪಿಳಿ ಬಿಟ್ಟರು. "ಟವೆಲ್ ಎಲ್ಲಿ?" ಅಂದರು. ಅತ್ತೆ ಬೆರಳು ತೋರಿಸಿದರು. ಮಾವ ಟವೆಲ್ ತೆಗೆದುಕೊಂಡು ಹೊರಗೆ ಹೋಗಿ, ಅಂಗಳದಲ್ಲಿ ನಿಂತು ಮನೆಯನ್ನೇ ನೋಡಿದರು. ಬೇರೆ ಯಾರ ಮನೆಗೋ ಬಂದೆನೇನೋ ಅನ್ನುವ ಹಾಗೆ.

ಒಂದು ವಾರ ಕಾದರು ಪಾಪ. ಆಮೇಲೆ ಬೇಕಂತಲೇ ಕೆಣಕಲು ಶುರುಮಾಡಿದರು. ಟೀಗೆ ಉಪ್ಪು ಹಾಕಿಕೊಂಡು, "ಇದೇನು ಟೀನಾ?" ಅಂದರು. ಅತ್ತೆ ಇನ್ನೊಂದು ಲೋಟ ತಂದಿಟ್ಟರು. ಪಕ್ಕದ ಮನೆಯಾಕೆಯ ಮೊಸರಿನಂಥ ಮೊಸರನ್ನು ಜನ್ಮದಲ್ಲಿ ತಿಂದಿಲ್ಲ ಅಂದರು. ಅತ್ತೆ ತಲೆಯಾಡಿಸಿದರು. "ನಿಮ್ಮಣ್ಣನಂಥ ಪೆದ್ದು ಈ ಜಿಲ್ಲೇಲೇ ಇಲ್ಲ," ಅಂದರು. ಅದು ಹಳೆಯ ಅಸ್ತ್ರ, ಎಂದೂ ಹುಸಿಹೋದದ್ದಲ್ಲ. ಅತ್ತೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹಿತ್ತಿಲಿಗೆ ನಡೆದರು. ನಾನು ಹಿಂದೆಯೇ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತು, ಸ್ವರವಿಲ್ಲದೆ ತುಟಿ ಮಾತ್ರ ಆಡಿಸುತ್ತಾ, ಮಾವನ ಅಂಗಿಯನ್ನು ಕಲ್ಲಿಗೆ ಅಪ್ಪಳಿಸುತ್ತಿದ್ದರು. ಆ ಅಂಗಿಯ ಒಂದು ಗುಂಡಿಯೂ ಉಳಿಯಲಿಲ್ಲ. ಭಾರ ಎತ್ತಬೇಡಿ ಅಂದಿದ್ದಾರೆ ಅತ್ತೆ ಅಂತ ಅಂಗಿ ಕಿತ್ತುಕೊಂಡೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅತ್ತೆ ಕಣ್ಣೊರೆಸಿಕೊಂಡರು, ಆಮೇಲೆ ನೋಡಿದರೆ ಅದು ಅಳುವಾಗಿತ್ತು.

ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದು, "ನಿಮ್ಮನೇಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?" ಅಂತ ಗುಟ್ಟಾಗಿ ಕೇಳಿದಳು. ಬೀದಿಯೇ ಬಿಕೋ ಅನ್ನುತ್ತಿದೆಯಂತೆ.

ಕೊನೆಗೆ ಮಾವ ಎಮ್ಮೆಯ ಹಗ್ಗ ಬಿಚ್ಚಿ, ಅತ್ತೆಯ ಹುರುಳಿಕಾಯಿ ಮಡಿಯೊಳಗೆ ಬಿಟ್ಟರು. ದಾರ ಕಟ್ಟಿ ಸಾಲು ಹಿಡಿದು ಬೆಳೆಯುವ ಮನುಷ್ಯ, ಒಂದು ಎಲೆ ಮುರಿದರೂ ನೊಂದುಕೊಳ್ಳುವವರು, ಬೇಲಿಗೆ ಒರಗಿ ನಿಂತು ಎಮ್ಮೆ ಮೇಯುವುದನ್ನು ನೋಡಿದರು. ಅತ್ತೆ ಬಂದರು, ಬಾಯಿ ತೆರೆದರು. ಮಾವನ ಮುಖ ಹೇಗೆ ಅರಳಿತು ಅಂತೀರಿ! ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡು, ಬಾಯಿ ಮುಚ್ಚಿಕೊಂಡು, ಎಮ್ಮೆಯನ್ನು ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಮಾವನ ಮುಖದಲ್ಲಿ ಆಮೇಲೆ ಏನೂ ಉಳಿಯಲಿಲ್ಲ. ಆ ದಿನ ಊಟಕ್ಕೆ ಕೂತು, ತಟ್ಟೆ ನೋಡುತ್ತಾ, "ಹಾಗಾದ್ರೆ ಮುಗೀತು ಅಂತಾಯ್ತು," ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. ಅತ್ತೆಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು, ಅರ್ಥವಾಗಲಿಲ್ಲ.

ಮರುದಿನ ಬೆಳಗ್ಗೆ ನಾನು ಡೈರಿಗೆ ಹೋದ ಮೇಲೆ ಅವರು ಎರಡು ಅಂಗಿ ಮತ್ತು ತಮ್ಮ ದಿಂಬನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದ್ದರು. ಅತ್ತೆಯ ಅಣ್ಣನ ಫೋನು ಬಂತು. ಆ ಮನೆಯವರ ಫೋನನ್ನು ಕಿವಿಗೆ ಇಡುವ ಪದ್ಧತಿ ಇಲ್ಲ, ಕೈ ಚಾಚಿ ದೂರ ಹಿಡಿದುಕೊಳ್ಳಬೇಕು. ಹಾಲು ಹಾಕಲು ಬಂದವರೆಲ್ಲ ಸುದ್ದಿ ಕೇಳಿಸಿಕೊಂಡರು.

"ನಿಮ್ಮ ಮಾವ ಇಲ್ಲಿಗೆ ಬಂದಿದ್ದಾರಮ್ಮ! ಮುನಿಸ್ಕೊಂಡು ಬಂದಿದ್ದಾರಂತೆ! ದಿಂಬು ತಂದಿದ್ದಾರೆ! ಹೆಂಗಸರು ತವರಿಗೆ ಬಂದ್ರೆ ಏನು ಮಾಡ್ಬೇಕು ಅಂತ ಗೊತ್ತು, ಇದಕ್ಕೇನು ಮಾಡೋದು ಹೇಳು!"

ನಾನು ನಕ್ಕದ್ದು ಆಗಲೇ. ಅತ್ತೆಗೆ ಹೇಳಲು ಮನೆಗೆ ಓಡಿದೆ. ಸಿಟ್ಟು ನೆತ್ತಿಗೇರಿ ಕೂಗಿಬಿಟ್ಟರೆ? ಡಾಕ್ಟರಮ್ಮನ ಮಾತು ತಲೆಯಲ್ಲಿ ಕುಟ್ಟುತ್ತಿತ್ತು. ಹೇಳಿದೆ. ಅತ್ತೆ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು. ಬಹಳ ದಿನದ ಮೇಲೆ ಒಂದು ಪೂರ್ತಿ ವಾಕ್ಯ ಹೊರಗೆ ಬಂತು.

"ನನ್ನ ತವರಿಗೆ ಅವರು ಹೋಗಿ ಕೂತ್ರೆ, ನಾನು ಮುನಿಸ್ಕೊಂಡು ಎಲ್ಲಿಗೆ ಹೋಗ್ಬೇಕು?"

"ಅತ್ತೆ, ಮೆಲ್ಲಗೆ..."

"ಅಪ್ಪನ ಮನೆ ಅಂತ ಒಂದಿತ್ತು. ಅದನ್ನೂ ಹಿಡ್ಕೊಂಡ್ರಾ!"

ಕೂತು ಉಸಿರು ತೆಗೆದುಕೊಂಡರು. ಅವರಾಗೇ ಬರುತ್ತಾರೆ ಅಂತ ಕಾದರು. ಮಾವ ಬರಲಿಲ್ಲ. ಅತ್ತೆ ಬಾಗಿಲ ಕಡೆ ನೋಡುತ್ತಾ, ತಟ್ಟೆಯಲ್ಲಿ ಹಾಕಿದ್ದನ್ನು ಹಾಗೇ ಬಿಡಲು ಶುರುಮಾಡಿದರು. ಮಾತ್ರೆಯನ್ನು ನಾನು ನಿಂತು ನುಂಗಿಸಬೇಕಾಯಿತು. ಇದು ಹೀಗೇ ನಡೆದರೆ ಕೂಗದೆಯೂ ಹೋಗಿಬಿಡುತ್ತಾರೆ ಅನ್ನಿಸಿತು ನನಗೆ. ಕರೆದರೆ ಕೂಗಬೇಕಾದೀತು, ಕರೆಯದಿದ್ದರೆ ಅವರು ಬರುವುದಿಲ್ಲ. ಒಂದು ಬೆಳಗ್ಗೆ ಅತ್ತೆಯೇ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದು, "ನಡಿ," ಅಂದರು. ಗಂಡನನ್ನು ಕರೆದುಕೊಂಡು ಬರಲು ಜೀವಮಾನದಲ್ಲಿ ಮೊದಲ ಸಲ ಹೊರಟಿದ್ದರು.

ಅಲ್ಲಿ ಹೋಗಿ ನೋಡಿದರೆ ಮಾವ ಭರ್ಜರಿಯಾಗಿ ಸಂಸಾರ ಹೂಡಿದ್ದಾರೆ! ಅತ್ತೆಯ ಅಣ್ಣನ ತಿಪ್ಪೆಗುಂಡಿಯನ್ನು ದಾರ ಕಟ್ಟಿ ಚೌಕ ಮಾಡಿದ್ದಾರೆ. ಹಗ್ಗಗಳನ್ನೆಲ್ಲ ಉದ್ದದ ಪ್ರಕಾರ ಗೂಟಕ್ಕೆ ನೇತುಹಾಕಿದ್ದಾರೆ. ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ಕರುವಿಗೆ ಹುಲ್ಲು ಕತ್ತರಿಸುತ್ತಿದ್ದರು. ಒಳಗಿನಿಂದ ಅತ್ತೆಯ ಅತ್ತಿಗೆ, "ಭಾವ, ಬಕೆಟ್ ಅಲ್ಲೇ ಬಿಟ್ಟಿದ್ದೀರಲ್ಲ, ಕಣ್ಣೇನು ಹಣೆಗೆ ಹೋಗಿದ್ಯಾ?" ಅಂತ ಊರಿಗೆಲ್ಲ ಕೇಳುವಂತೆ ಅರಚಿದರು. ಮಾವ ತಲೆ ತಗ್ಗಿಸಿ, ಕಣ್ಣು ಮುಚ್ಚಿಕೊಂಡು, ಹಾಡು ಕೇಳಿದವರ ಹಾಗೆ ನಕ್ಕರು. ಕಣ್ಣು ಬಿಟ್ಟರೆ ಎದುರಿಗೆ ಅತ್ತೆ.

"ಯಾಕೆ ಬಂದೆ?"

ಅತ್ತೆ ಬೆಂಚಿನ ಕಡೆ, ಚೀಲದ ಕಡೆ, ಬಸ್ಸಿನ ದಾರಿಯ ಕಡೆ ಕೈ ತೋರಿಸಿದರು.

"ಕೈ ಯಾಕೆ ತೋರಿಸ್ತೀಯ? ನಾನೇನು ಎಮ್ಮೆನಾ?" ಮಾವ ಕುಡುಗೋಲನ್ನು ಪಕ್ಕಕ್ಕಿಟ್ಟರು. "ಬರಲ್ಲ ನಾನು. ಇಲ್ಲಿ ಎಲ್ಲರೂ ನಿನ್ನ ಹಾಗೇ ಬೈತಾರೆ. ನಿನ್ನ ದನೀನೇ. ಆ ಮನೇಲಿ ನನಗೆ ನಿದ್ದೆ ಬರ್ತಿರಲಿಲ್ಲ. ನಮ್ಮಪ್ಪ ಚಿಕ್ಕಪ್ಪನ ಹತ್ತಿರ ಮಾತು ಬಿಟ್ಟಾಗ ಹೀಗೇ ಇತ್ತು ಮನೆ. ಜನ ಇರ್ತಾರೆ, ಸದ್ದಿರಲ್ಲ. ನೀನು ನನ್ನನ್ನ ಬಿಟ್ಟುಬಿಟ್ಟೆ ಕಣೇ. ಎಮ್ಮೆ ಬಿಟ್ರೂ ಬೈಲಿಲ್ಲ ನೀನು. ಮಾತು ಬಿಡಲ್ಲ ಅಂದಿದ್ದೆ."

ಅತ್ತೆಗೆ ಆಗ ತಿಳಿಯಿತು. ನನಗೂ ಆಗಲೇ ತಿಳಿದದ್ದು. ಮಾವ ಬೆಳೆದ ಮನೆಯಲ್ಲಿ ಮಾತು ಬಿಡುವುದಕ್ಕೆ ಒಂದೇ ಅರ್ಥವಿತ್ತು, ನಂಟು ಮುಗಿಯಿತು ಅಂತ. ಅತ್ತೆಯ ಮುಖ ಕೆಂಪಾಯಿತು, ಕೊರಳಿನ ನರ ಉಬ್ಬಿತು, ಇಷ್ಟು ದಿನ ಅದುಮಿಟ್ಟದ್ದೆಲ್ಲ ಒಮ್ಮೆಲೇ ಗಂಟಲಿಗೆ ಬಂತು. ಎದೆ ತುಂಬ ಗಾಳಿ ಎಳೆದುಕೊಂಡರು. ನನ್ನ ಕೈಕಾಲು ಆಡಲಿಲ್ಲ. ಬಾಯಿ ಮಾತ್ರ ಆಡಿತು.

"ಅತ್ತೆ! ಬಾಯಿ ಮುಚ್ಚಿ!"

ನಾನು ಕೂಗಿದ್ದೆ. ಗುಡ್ಡದ ಮೇಲಿನ ದನಗಳು ತಲೆ ಎತ್ತಿದವು. ಅತ್ತೆಯ ಅಣ್ಣ ಕೊಟ್ಟಿಗೆಯಿಂದ ಇಣುಕಿ ನೋಡಿ, "ಪರವಾಗಿಲ್ಲ ಹುಡುಗಿ," ಅಂದರು. ಅತ್ತೆ ತೆರೆದ ಬಾಯಿಯನ್ನು ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದು ಕೂತರು. ಮಾವನ ಕೈ ಹಿಡಿದು ತಮ್ಮ ಎದೆಯ ಮೇಲಿಟ್ಟುಕೊಂಡರು.

"ಇದು ಸರಿಯಿಲ್ಲ ಅಂದ್ರು ಡಾಕ್ಟ್ರು. ಕೂಗಿದ್ರೆ ನಿಂತುಹೋಗುತ್ತಂತೆ."

ಮಾವ ಕೈ ತೆಗೆಯಲಿಲ್ಲ. ಕತ್ತರಿಸಿದ ಹುಲ್ಲು ಮಡಿಲಿನಿಂದ ಜಾರಿ ಬಿತ್ತು, ಕರು ಬಂದು ತಿನ್ನತೊಡಗಿತು. "ಮೊದಲೇ ಹೇಳೋಕೇನಾಗಿತ್ತು?" ಅಂದರು ಮಾವ.

"ಹೇಳಿದ್ರೆ ನೀವು ಜಗಳ ಆಡೋದು ಬಿಡ್ತಿದ್ರಿ."

"ಬಿಡ್ತಿದ್ದೆ," ಅಂತ ಒಪ್ಪಿಕೊಂಡರು ಮಾವ. ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಡಾಕ್ಟ್ರು ಮಾತೇ ಆಡ್ಬೇಡಿ ಅಂದ್ರೇನಮ್ಮ?"

"ಇಲ್ಲ ಮಾವ. ಮೆಲ್ಲಗೆ ಮಾತಾಡಿ ಅಂದ್ರು. ಅತ್ತೆಗೆ ಮೆಲ್ಲಗೆ ಬರಲ್ಲ."

"ಅಷ್ಟೇನಾ?" ಮಾವ ನೆಟ್ಟಗೆ ಕೂತರು. "ನಮ್ಮನೇಲಿ ನಮ್ಮಮ್ಮ ನಮ್ಮನ್ನೆಲ್ಲ ಪಿಸುಗುಟ್ಟಿಕೊಂಡೇ ಬೈತಿದ್ರು. ಪಕ್ಕದಲ್ಲಿ ಕೂತವರಿಗೆ ಕೇಳಿಸ್ತಿರಲಿಲ್ಲ, ನಮಗೆ ಮಾತ್ರ ಚರ್ಮ ಸುಲಿದು ಬರ್ತಿತ್ತು. ಬಾ ಹೇಳ್ಕೊಡ್ತೀನಿ. ಹೊಟ್ಟೆಯಿಂದ ತೆಗೀಬೇಡ. ತುಟಿ ತುದಿಯಿಂದ ಬಿಡು. ಒಂದು ಮಾತು ಹೇಳು ನೋಡೋಣ."

"ಕತ್ತೆ!" ಅಂದರು ಅತ್ತೆ. ಕೋಳಿಗಳು ಚೆದುರಿ ಓಡಿದವು.

"ಜಾಸ್ತಿಯಾಯ್ತು. ಕಿವಿ ಹತ್ತಿರ ಬಾ."

"ಕತ್ತೆ."

"ಇನ್ನೂ ಕಡಿಮೆ."

ಮನೆಯವರೆಲ್ಲ ಬಾಗಿಲಲ್ಲಿ ಗುಂಪಾಗಿ ನಿಂತರು. ಆ ಮನೆಯಲ್ಲಿ ಇಂಥ ಪಾಠ ಯಾರೂ ಕಂಡಿರಲಿಲ್ಲ. ಅತ್ತೆ ಕಣ್ಣು ಮುಚ್ಚಿ, ಎರಡೂ ಕೈಯಿಂದ ಮಾವನ ಕಿವಿ ಹಿಡಿದುಕೊಂಡು, ತುಟಿ ತಾಗಿಸಿ ಏನೋ ಅಂದರು. ನಮಗೆ ಯಾರಿಗೂ ಕೇಳಿಸಲಿಲ್ಲ. ಮಾವ ತೊಡೆ ತಟ್ಟಿದರು. "ಬಂತು! ಸರಿಯಾಗಿ ಬಂತು! ಕತ್ತೆ ಅಂದ್ಲು!" ಅತ್ತೆಯ ಅಣ್ಣ ಗೊಳೋ ಅಂತ ಅತ್ತುಬಿಟ್ಟರು, ಆ ಅಳು ಗುಡ್ಡದ ಆಚೆ ಊರಿಗೂ ಕೇಳಿಸಿರಬೇಕು.

ಸಂಜೆಯ ಬಸ್ಸಿಗೆ ಹೊರಟೆವು. ಇಬ್ಬರ ಸೀಟಿನಲ್ಲಿ ಅವರು, ಹಿಂದೆ ನಾನು ಮತ್ತು ದಿಂಬಿನ ಚೀಲ. ಬಸ್ಸು ಹೊರಡುತ್ತಿದ್ದಂತೆ ಮಾವ ತಲೆ ಬಾಗಿಸಿ ಕಿವಿ ಕೊಟ್ಟರು. ಅತ್ತೆ ಶುರುಮಾಡಿದರು. ಟೀಗೆ ಉಪ್ಪು ಹಾಕಿದ್ದು, ಪಕ್ಕದ ಮನೆಯ ಮೊಸರು, ಅಣ್ಣನಿಗೆ ಪೆದ್ದು ಅಂದದ್ದು, ಕೆಸರುಗಾಲು, ಹುರುಳಿಕಾಯಿ ಮಡಿ, ಆ ಮಡಿಯಲ್ಲಿ ಹೂ ಬಿಟ್ಟಿದ್ದ ಬಳ್ಳಿಗಳು, ಎಮ್ಮೆಗೆ ಹೊಟ್ಟೆ ಉಬ್ಬರಿಸಿದ್ದು. ನನಗೆ ಅಲ್ಲೊಂದು ಇಲ್ಲೊಂದು ಮಾತು ಕೇಳಿಸುತ್ತಿತ್ತು. ಮಾವ ಹೂಂ, ಹೂಂ ಅನ್ನುತ್ತಿದ್ದರು. ನಡುವೆ ಒಂದೆರಡು ಸಲ ಎದುರುತ್ತರವನ್ನೂ ಕೊಟ್ಟರು, ಕೊಟ್ಟು ಸರಿಯಾಗಿ ಅನ್ನಿಸಿಕೊಂಡರು. ಕತ್ತು ನೋಯುತ್ತಿತ್ತೇನೋ, ಆದರೂ ತಲೆ ಎತ್ತಲಿಲ್ಲ.

ಪಕ್ಕದ ಸೀಟಿನ ಹುಡುಗಿ ನನ್ನ ಕಡೆ ಬಗ್ಗಿ, "ಎಷ್ಟು ಚೆನ್ನಾಗಿದ್ದಾರೆ ಅಲ್ವಾ ಅಜ್ಜ ಅಜ್ಜಿ! ಅಷ್ಟು ಹೊತ್ತಿಂದ ಏನು ಹೇಳ್ತಿದ್ದಾರೆ?" ಅಂತ ಕೇಳಿದಳು. "ಬೈತಿದ್ದಾರೆ," ಅಂದೆ. ತಮಾಷೆ ಅಂದುಕೊಂಡು ನಕ್ಕಳು.

ನನಗೂ ನಗು ಬರುತ್ತಿತ್ತು. ಆ ದಣಿದ ಹೃದಯ ಇನ್ನೆಷ್ಟು ದಿನ ಜೊತೆ ಕೊಡುತ್ತದೆ ಅಂತ ಡಾಕ್ಟರಮ್ಮನೂ ಹೇಳಿರಲಿಲ್ಲ. ನನ್ನ ಮುಂದೆ ಕೂತ ಆ ಎರಡು ಬಿಳಿ ತಲೆಗಳನ್ನು ನೋಡಿ ಹೊಟ್ಟೆಕಿಚ್ಚಾಯಿತು ಅಂದರೂ ತಪ್ಪಿಲ್ಲ.

ನಮ್ಮ ಸ್ಟಾಪು ಬಂತು. ಕಂಡಕ್ಟರ್ ಸೀಟಿ ಊದಿದ. ನಾನು ಚೀಲ ಎತ್ತಿಕೊಂಡು ಎದ್ದೆ. ಕಿಟಕಿಯಾಚೆ ನಮ್ಮ ಹೊಲ ಕಾಣುತ್ತಿತ್ತು. ಮಾವ ನೋಡಿದರು, ಅವರಿಗೆ ಗೊತ್ತಾಯಿತು. ಅತ್ತೆಗೆ ಯಾವುದರ ಮೇಲೂ ಗಮನವಿರಲಿಲ್ಲ, ಮಾತಿನ ನಡುವೆ ಇದ್ದರು. ಮಾವ ತಲೆಯನ್ನು ಹಾಗೇ ಬಾಗಿಸಿಟ್ಟುಕೊಂಡು, ಸೀಟಿನ ಹಿಂದೆ ಕೈ ಚಾಚಿ, ಕೂತ್ಕೋ ಅಂತ ನನಗೆ ಸನ್ನೆ ಮಾಡಿದರು. ಬಸ್ಸು ಮತ್ತೆ ಹೊರಟಿತು. ನಾನು ಕಂಡಕ್ಟರ್ ಹತ್ತಿರ ಹೋಗಿ ಕೊನೆಯ ಸ್ಟಾಪಿಗೆ ಮೂರು ಟಿಕೆಟ್ ಕೇಳಿದೆ.